ಶಾಲೆಯ ಗೇಟಿನಲ್ಲಿ ನಿಂತ ನಾಯಿ

2025ರ ನವೆಂಬರ್ 7, ಶುಕ್ರವಾರ. ಅವತ್ತು ರಾತ್ರಿ ನಮ್ಮ ಕಾರ್ಯಕ್ರಮದಲ್ಲಿ ಬೀದಿ ನಾಯಿಗಳದ್ದೇ ಸುದ್ದಿ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿ ನಾಯಿಗಳನ್ನು ಹಿಡಿದು ಸಾಗಿಸಿ, ಮತ್ತೆ ಅದೇ ಜಾಗಕ್ಕೆ ತಂದು ಬಿಡಬೇಡಿ, ಬೇಲಿ ಹಾಕಿ ಅಂತ ಸುಪ್ರೀಂ ಕೋರ್ಟ್ ಆದೇಶ ಮಾಡಿತ್ತು. ನಾನು ಎಂದಿನ ಹಾಗೆ ಟೇಬಲ್ ಕುಟ್ಟಿ ಮಾತಾಡಿದೆ. ಮಕ್ಕಳ ಶಾಲೆಯಲ್ಲಿ ನಾಯಿಗೇನು ಕೆಲಸ ಸ್ವಾಮಿ, ಒಂದೇ ಒಂದು ನಾಯಿಯೂ ಗೇಟು ದಾಟಬಾರದು ಅಂದೆ. ಒಳ್ಳೆ ಚಪ್ಪಾಳೆ ಗಿಟ್ಟಿಸುವ ಮಾತು ಅದು.

ಕಾರ್ಯಕ್ರಮ ಮುಗಿದು ಮೈಕ್ ಬಿಚ್ಚುವಾಗ ಡೆಸ್ಕಿನ ಹುಡುಗ ಬಂದು, ಸರ್, ಮುನವಳ್ಳಿಯಿಂದ ಒಬ್ಬರು ನಿವೃತ್ತ ಮಾಸ್ತರು ಲೈನಲ್ಲಿದ್ದಾರೆ, ನಿಮ್ಮ ಜೊತೆನೇ ಮಾತಾಡ್ಬೇಕಂತೆ ಅಂದ. ತಗೊಂಡೆ. ಬೈತಾರೆ ಅಂದುಕೊಂಡಿದ್ದೆ. ಬೈಲಿಲ್ಲ.

"ಸರ, ನೀವು ಹೇಳಿದ್ದು ಖರೇ ಐತಿ. ನಮ್ಮ ಓಣ್ಯಾಗೂ ನಾಯಿ ಕಾಟ ಭಾಳ ಐತಿ. ಆದ್ರ ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಮೊಮ್ಮಗಳಿಗೆ ಹುಟ್ಟಿದಾಗಿಂದ ಕಣ್ಣಿಲ್ಲ. ಏಳನೇತ್ತೆ. ಅಕಿ ತಮ್ಮ ದಿನಾ ಕೈ ಹಿಡ್ಕೊಂಡು ಸಾಲಿಗೆ ಒಯ್ತಾನ. ಮುಂದಿನ ಜೂನಿಗೆ ಅಕಿ ಹೈಸ್ಕೂಲಿಗೆ ಹೋಗ್ಬೇಕು. ಇವ ಇಲ್ಲೇ ಉಳಿತಾನ. ಪರದೇಶದಾಗ ಕಣ್ಣಿಲ್ಲದ ಮಕ್ಕಳು ನಾಯಿ ಹಿಡ್ಕೊಂಡು ಸಾಲಿ ಒಳಗ ಹೋಗ್ತಾರಂತ, ಕಾಯ್ದೆನೇ ಐತಂತ. ನಮ್ಮಲ್ಲಿ ಹಂಗೇನಾರ ಐತೇನ್ರಿ?"

ಒಂದೇ ಒಂದು ನಾಯಿಯೂ ಗೇಟು ದಾಟಬಾರದು ಅಂತ ಅರ್ಧ ಗಂಟೆ ಮೊದಲು ರಾಜ್ಯಕ್ಕೆಲ್ಲ ಕೇಳುವ ಹಾಗೆ ಕೂಗಿದವನು ನಾನು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ನೋಡಿ ಹೇಳ್ತೀನಿ ಮಾಸ್ತರೇ ಅಂದೆ. ಆಮೇಲೆ ನೋಡಿದೆ. ನೋಡ್ತಾ ಹೋದರೆ ನೂರು ವರ್ಷದ ಕಥೆ ಬಿಚ್ಚಿಕೊಂಡಿತು. ಅದನ್ನೇ ಇಲ್ಲಿ ಹೇಳ್ತಿದ್ದೀನಿ.

ಮೊದಲು ನಾಯಿಯ ಮರ್ಯಾದೆ ವಿಚಾರ ಮುಗಿಸಿಬಿಡೋಣ. ನಾಯಿ ಅಂದರೆ ನಮಗೆ ಬೈಗುಳ, ನಿಜ. ಆದರೆ ಇದೇ ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಒಂದು ನಾಯಿಗೆ ಕಲ್ಲು ನಿಲ್ಲಿಸಿದ್ದಾರೆ. ಮದ್ದೂರು ತಾಲೂಕಿನ ಆತಕೂರಿನ ಶಾಸನ, ಕ್ರಿ.ಶ. 949-50ರದ್ದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದಾಗ ಆ ಪುಣ್ಯಾತ್ಮ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ. ಆ ಕಾಳಿ ಮುಂದೆ ಕಾಡುಹಂದಿಯ ಜೊತೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಚೋಳ ರಾಜಾದಿತ್ಯ ತಕ್ಕೋಲದ ಯುದ್ಧದಲ್ಲಿ ಸತ್ತ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ರಾಜನ ಸಾವು, ನಾಯಿಯ ಸಾವು, ಎರಡೂ ಒಂದೇ ಕಲ್ಲಲ್ಲಿ. ಇನ್ನು ನಮ್ಮ ಉತ್ತರ ಕರ್ನಾಟಕದ ಕಡೆ ಮೈಲಾರಲಿಂಗನ ಒಕ್ಕಲಿನವರನ್ನ ಕೇಳಿ, ನಾಯಿಗೆ ಊಟ ಇಡದೆ ಅವರ ಹಬ್ಬ ಆಗೋದಿಲ್ಲ. ಮುನವಳ್ಳಿಯಿಂದ ರಾಮದುರ್ಗ, ಲೋಕಾಪುರ ದಾಟಿದರೆ ಮುಧೋಳ. ಆ ಊರಿನ ಬೇಟೆನಾಯಿ 2005ರಲ್ಲಿ ಅಂಚೆಚೀಟಿ ಮೇಲೆ ಬಂತು, ಆಮೇಲೆ ಸೇನೆಗೂ ಹೋಯಿತು. ಅಂದಮೇಲೆ ನಾಯಿಯನ್ನ ಕೆಲಸಕ್ಕೆ ಹಚ್ಚೋದು ನಮಗೆ ಹೊಸದಲ್ಲ. ಕಣ್ಣಿಲ್ಲದ ಒಂದು ಮಗುವಿನ ಕೈಗೆ ಅದರ ಹಗ್ಗ ಕೊಡೋದು ಮಾತ್ರ ನಮಗೆ ಹೊಳೆಯಲಿಲ್ಲ.

ಹೊಳೆದಿದ್ದು ಜರ್ಮನಿಯವರಿಗೆ. ಮೊದಲನೇ ಮಹಾಯುದ್ಧ. ವಿಷಾನಿಲ ಬಡಿದು ಸಾವಿರಾರು ಸೈನಿಕರು ಕಣ್ಣು ಕಳಕೊಂಡು ಊರಿಗೆ ಬಂದರು. 1916ರಲ್ಲಿ ಓಲ್ಡನ್‌ಬುರ್ಗ್ ಅನ್ನೋ ಊರಿನಲ್ಲಿ ಇಂಥವರಿಗಾಗಿ ನಾಯಿಗಳನ್ನು ತಯಾರು ಮಾಡುವ ಶಾಲೆ ಶುರುವಾಯಿತು. ಜರ್ಮನಿಯ ಇಂಥದೇ ಇನ್ನೊಂದು ಶಾಲೆಯ ಬಗ್ಗೆ ಡೊರೊಥಿ ಯೂಸ್ಟಿಸ್ ಅನ್ನೋ ಅಮೆರಿಕದ ಹೆಣ್ಣುಮಗಳು 1927ರಲ್ಲಿ ಒಂದು ಲೇಖನ ಬರೆದರು. ಯೂಸ್ಟಿಸ್ ಆಗ ಸ್ವಿಟ್ಜರ್ಲೆಂಡಿನಲ್ಲಿ ನಾಯಿಗಳನ್ನ ಸಾಕಿ ತರಬೇತಿ ಕೊಡ್ತಿದ್ದರು. ನ್ಯಾಶ್ವಿಲ್ ಊರಿನ ಮಾರಿಸ್ ಫ್ರ್ಯಾಂಕ್ ಅನ್ನೋ ಕುರುಡ ಯುವಕ ಆ ಲೇಖನವನ್ನ ಅಪ್ಪನಿಂದ ಓದಿಸಿಕೊಂಡು ಕೇಳಿ, ನನಗೂ ಒಂದು ನಾಯಿ ಕೊಡಿ ಅಂತ ಅವರಿಗೆ ಕಾಗದ ಬರೆದ. ಸ್ವಿಟ್ಜರ್ಲೆಂಡಿಗೆ ಹೋಗಿ ಬಡ್ಡಿ ಅನ್ನೋ ನಾಯಿ ಜೊತೆ ಕಲಿತು, 1928ರಲ್ಲಿ ನ್ಯೂಯಾರ್ಕಿನ ಹಡಗುಕಟ್ಟೆಗೆ ಬಂದಿಳಿದ. ಪತ್ರಕರ್ತರು, ಎಲ್ಲಿ, ಈ ಗಾಡಿ ತುಂಬಿದ ರಸ್ತೆ ದಾಟಿ ತೋರಿಸಪ್ಪ ಅಂದರು. ದಾಟಿದ. ಯೂಸ್ಟಿಸ್‌ಗೆ ಅವನು ಕಳಿಸಿದ ತಂತಿಯಲ್ಲಿ ಇದ್ದಿದ್ದು ಒಂದೇ ಪದ, ಗೆದ್ದೆ ಅಂತ. 1929ರ ಜನವರಿಯಲ್ಲಿ ಅಮೆರಿಕದ ಮೊದಲ ಗೈಡ್ ಡಾಗ್ ಶಾಲೆ ನ್ಯಾಶ್ವಿಲ್‌ನಲ್ಲೇ ಹುಟ್ಟಿತು.

ರಸ್ತೆ ದಾಟೋದು ಸುಲಭ, ಬಾಗಿಲು ದಾಟೋದು ಕಷ್ಟ. ಹೋಟೆಲು, ರೈಲು, ಅಂಗಡಿ, ಎಲ್ಲ ಕಡೆ ಫ್ರ್ಯಾಂಕ್‌ಗೆ, ನೀವು ಬನ್ನಿ, ನಾಯಿ ಹೊರಗೆ ಅಂದರು. ಅವನು ವರ್ಷಗಟ್ಟಲೆ ಊರೂರು ಅಲೆದು ಒಂದೊಂದೇ ಬಾಗಿಲು ತೆಗೆಸಿದ. ಆದರೆ ಒಂದು ಬಾಗಿಲು ಮಾತ್ರ ಬಹಳ ವರ್ಷ ಮುಚ್ಚೇ ಇತ್ತು. ಶಾಲೆಯ ಬಾಗಿಲು. ಅದಕ್ಕೆ ಕಾರಣ ನಾಯಿಯಲ್ಲ. ಅಲ್ಲಿ ಮಗುವಿಗೇ ಪ್ರವೇಶ ಇರಲಿಲ್ಲ.

ಹೌದು, ಅಮೆರಿಕದಲ್ಲೇ! 1975ರ ತನಕ ಅಂಗವೈಕಲ್ಯ ಇರುವ ಮಗುವನ್ನು, ನಮ್ಮಲ್ಲಿ ಆಗೋದಿಲ್ಲಮ್ಮ, ಕರಕೊಂಡು ಹೋಗಿ ಅಂತ ಸರ್ಕಾರಿ ಶಾಲೆಗಳು ವಾಪಸ್ ಕಳಿಸಬಹುದಿತ್ತು. 1973ರಲ್ಲಿ ಪುನರ್ವಸತಿ ಕಾಯ್ದೆ ಬಂತು. ಅದರ 504ನೇ ಸೆಕ್ಷನ್, ಸರ್ಕಾರದ ದುಡ್ಡು ತಗೊಳ್ಳೋ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಅಂತು. ಅಂತು ಅಷ್ಟೇ. ನಿಯಮಗಳಿಗೆ ಸಹಿ ಬೀಳಲಿಲ್ಲ. ನಾಲ್ಕು ವರ್ಷ ಕಡತ ಮಲಗಿತ್ತು. ಕಡತ ಮಲಗೋದು ನಮ್ಮ ವಿಧಾನಸೌಧದ ರೋಗ ಮಾತ್ರ ಅಂದುಕೊಂಡಿದ್ದೆ ನಾನು. 1977ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡಕ್ಕೆ ನೂರಕ್ಕೂ ಹೆಚ್ಚು ಜನ ನುಗ್ಗಿ ಕೂತರು. ಗಾಲಿಕುರ್ಚಿಯವರು, ಕಣ್ಣಿಲ್ಲದವರು, ಕಿವಿ ಕೇಳದವರು. ಮೂರು ವಾರ ಕದಲಲಿಲ್ಲ. ಏಪ್ರಿಲ್ 28ಕ್ಕೆ ಸಹಿ ಬಿತ್ತು. ಇದರ ಮೇಲೆ 1990ರ ಜುಲೈ 26ಕ್ಕೆ ಅಮೆರಿಕದ ಅಂಗವಿಕಲರ ಕಾಯ್ದೆ ಬಂತು.

ಮಗು ಒಳಗೆ ಬಂತು. ಈಗ ನಾಯಿಯ ಸರದಿ. ಅದೇ 1990ರಲ್ಲಿ ಕ್ಯಾಲಿಫೋರ್ನಿಯಾದ ವಲೆಹೋ ಊರಿನ ಹುಡುಗಿಯೊಬ್ಬಳ ಕೇಸು. ಸೆರೆಬ್ರಲ್ ಪಾಲ್ಸಿ, ಒಂದು ಕಿವಿ ಕೇಳೋದಿಲ್ಲ. ನಾಯಿಯನ್ನ ಶಾಲೆಗೆ ತರ್ತೀನಿ ಅಂದಳು. ಶಾಲೆಯವರು, ಟೀಚರಿಗೆ ನಾಯಿಯ ಕೂದಲು ಅಲರ್ಜಿ, ಆಗೋದಿಲ್ಲ ಅಂದರು. ಕೋರ್ಟು ಹುಡುಗಿಯ ಪರ ನಿಂತಿತು. ಆದರೆ ಎಲ್ಲರಿಗೂ ಈ ಭಾಗ್ಯ ಸಿಗಲಿಲ್ಲ. ನ್ಯೂಯಾರ್ಕ್ ಹತ್ತಿರದ ಕಿವಿ ಕೇಳದ ಹೈಸ್ಕೂಲ್ ಹುಡುಗನೊಬ್ಬ 2008ರಲ್ಲಿ ಮೇಲ್ಮನವಿಯಲ್ಲಿ ಸೋತ. ನಾಯಿ ಬೇಕೋ ಬೇಡವೋ ಅನ್ನೋ ಪ್ರಶ್ನೆಯಲ್ಲಿ ಸೋತಿದ್ದಲ್ಲ ಅವನು. ನೀನು ಮೊದಲು ಶಿಕ್ಷಣ ಇಲಾಖೆಯ ವಿಚಾರಣೆಗಳನ್ನೆಲ್ಲ ಮುಗಿಸಿಕೊಂಡು ಬರಬೇಕಿತ್ತು, ನೇರವಾಗಿ ಕೋರ್ಟಿಗೆ ಯಾಕೆ ಬಂದೆ ಅಂತ ಕಳಿಸಿಬಿಟ್ಟರು. ಇದನ್ನ ನೆನಪಿಡಿ. ಮುಂದಿನ ಕಥೆಯೆಲ್ಲ ಈ ಗಂಟಿನ ಮೇಲೇ ನಿಂತಿದೆ.

ಈಗ ಮುಖ್ಯ ಕಥೆಗೆ ಬರ್ತೀನಿ. ಇದರ ಹುಡುಗಿ ನಮ್ಮ ದೇಶದವಳು, ಅಂದರೆ ನಮ್ಮ ದೇಶದಲ್ಲಿ ಹುಟ್ಟಿದವಳು. ಕೋಲ್ಕತ್ತಾ. ಸೆರೆಬ್ರಲ್ ಪಾಲ್ಸಿ ಇದ್ದ ಆ ಕೂಸನ್ನು ಅಮೆರಿಕದ ಮಿಷಿಗನ್ ರಾಜ್ಯದ ಫ್ರೈ ದಂಪತಿ ದತ್ತು ತಗೊಂಡರು. ಹೆಸರು ಎಲೆನಾ. ಐದು ವರ್ಷವಾದಾಗ, 2009ರಲ್ಲಿ, ವೈದ್ಯರ ಸಲಹೆ ಮೇರೆಗೆ ಅವಳಿಗೊಂದು ತರಬೇತಾದ ನಾಯಿ ಬಂತು. ಹೆಸರು ವಂಡರ್. ಸುಮಾರು 13 ಸಾವಿರ ಡಾಲರ್ ಬೇಕಾಗಿತ್ತು, ಊರಿನವರು ಚಂದಾ ಎತ್ತಿ ಕೂಡಿಸಿದರು. ವಂಡರ್ ಏನು ಮಾಡ್ತಿತ್ತು? ಬಿದ್ದ ಪೆನ್ಸಿಲ್ ಎತ್ತಿಕೊಡೋದು, ಬಾಗಿಲು ತೆಗೆಯೋದು, ದೀಪದ ಸ್ವಿಚ್ ಒತ್ತೋದು, ಕೋಟು ಬಿಚ್ಚಲು ಸಹಾಯ ಮಾಡೋದು, ಅವಳು ಶೌಚಾಲಯದಲ್ಲಿ ವಾಕರ್ ಬಿಟ್ಟು ಏಳುವಾಗ ಕೂರುವಾಗ ಆಸರೆಯಾಗಿ ನಿಲ್ಲೋದು.

ಶಾಲೆ ಬೇಡ ಅಂತು. ಅವರ ವಾದ ಕೇಳಿ, ಮೇಲ್ನೋಟಕ್ಕೆ ನ್ಯಾಯ ಅನ್ನಿಸುತ್ತೆ. ಮಗುವಿಗೆ ನಾವೇ ಒಬ್ಬ ಸಹಾಯಕರನ್ನ ಕೊಟ್ಟಿದ್ದೀವಲ್ಲ, ಮನುಷ್ಯರಿರುವಾಗ ನಾಯಿ ಯಾಕೆ? ಒತ್ತಾಯದ ಮೇಲೆ 2010ರಲ್ಲಿ ಕೆಲವು ವಾರ ಪ್ರಯೋಗಕ್ಕೆ ಅಂತ ಬಿಟ್ಟುಕೊಂಡರು. ಆಗಲೂ ನಾಯಿ ಕೋಣೆಯ ಮೂಲೆಯಲ್ಲಿ, ಹುಡುಗಿ ಇನ್ನೊಂದು ಕಡೆ. ಆಮೇಲೆ ಅದೂ ಬಂದ್. ಅಪ್ಪ ಅಮ್ಮ ಮಗಳನ್ನ ಶಾಲೆ ಬಿಡಿಸಿ ಮನೆಯಲ್ಲೇ ಓದಿಸಿದರು, ಕೇಂದ್ರ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಟ್ಟರು.

ಆ ಕಚೇರಿ 2012ರಲ್ಲಿ ಕೊಟ್ಟ ಉತ್ತರದಲ್ಲಿ ಒಂದು ಹೋಲಿಕೆ ಇದೆ. ಅದನ್ನ ಓದಿದಾಗ ನನಗೆ ಮುನವಳ್ಳಿಯ ಆ ಹುಡುಗನೇ ಕಣ್ಣ ಮುಂದೆ ಬಂದ. ಗಾಲಿಕುರ್ಚಿ ಬಳಸುವ ಮಗುವಿಗೆ, ಕುರ್ಚಿ ಬೇಡ, ನಾವು ಎತ್ತಿಕೊಂಡು ಹೋಗ್ತೀವಿ ಅಂದ ಹಾಗಾಯಿತು ಇದು. ಕಣ್ಣಿಲ್ಲದ ಮಗುವಿಗೆ, ಕೋಲೂ ಬೇಡ ನಾಯಿಯೂ ಬೇಡ, ಟೀಚರು ಕೈ ಹಿಡಿದು ತಿರುಗಾಡಿಸ್ತಾರೆ ಅಂದ ಹಾಗಾಯಿತು. ಶಾಲೆ ಕಾನೂನು ಮುರಿದಿದೆ. ಇದು ಆ ಕಚೇರಿಯ ತೀರ್ಮಾನ.

ಎತ್ತಿಕೊಂಡು ಹೋಗೋದು ದಯೆ. ಅದು ಬೇಕಾದಾಗ ಸಿಗುತ್ತೆ, ಎತ್ತುವವರಿಗೆ ಬೇಸರವಾದಾಗ ಸಿಗೋದಿಲ್ಲ. ನಮ್ಮ ದೇಶದಲ್ಲಿ ಅಂಗವಿಕಲ ಮಕ್ಕಳಿಗೆ ಸಿಕ್ಕಿದ್ದೆಲ್ಲ ಬಹುಪಾಲು ಇದೇ ತರಹದ್ದು.

ಫ್ರೈ ಕುಟುಂಬ ಮಗಳನ್ನ ಬೇರೆ ಶಾಲೆಗೆ ಹಾಕಿತು. ಅಲ್ಲಿ ವಂಡರ್‌ಗೆ ಸ್ವಾಗತ ಸಿಕ್ಕಿತು. ಆದರೆ ಹಳೇ ಶಾಲೆ ಮಾಡಿದ ಅನ್ಯಾಯಕ್ಕೆ ಪರಿಹಾರ ಬೇಕು ಅಂತ 2012ರ ಕೊನೆಗೆ ಕೋರ್ಟಿಗೆ ಹೋದರು. ಅಲ್ಲಿ ಎದುರಾಗಿದ್ದು ನಾನು ಆಗಲೇ ಹೇಳಿದ ಗಂಟು: ಶಿಕ್ಷಣ ಇಲಾಖೆಯ ವಿಚಾರಣೆ ಮುಗಿಸಿ ಬಂದಿದ್ದೀರಾ? ಕೆಳಗಿನ ಕೋರ್ಟು ವಜಾ ಮಾಡಿತು, ಮೇಲ್ಮನವಿಯಲ್ಲೂ ವಜಾ. 2017ರ ಫೆಬ್ರುವರಿ 22ರಂದು ಅಮೆರಿಕದ ಸುಪ್ರೀಂ ಕೋರ್ಟ್ ಗಂಟು ಬಿಚ್ಚಿತು. ಎಂಟು ನ್ಯಾಯಮೂರ್ತಿಗಳು, ಎಂಟೂ ಜನ ಒಂದೇ ಕಡೆ. ತೀರ್ಪು ಬರೆದವರು ನ್ಯಾಯಮೂರ್ತಿ ಎಲೆನಾ ಕೇಗನ್. ಹುಡುಗಿಯ ಹೆಸರೇ ಅವರದ್ದೂ.

ಕೇಗನ್ ಎರಡು ಪ್ರಶ್ನೆ ಇಟ್ಟರು. ಒಂದು: ಇದೇ ತೊಂದರೆ ಶಾಲೆಯಲ್ಲಲ್ಲದೆ ಸಾರ್ವಜನಿಕ ಗ್ರಂಥಾಲಯದಲ್ಲೋ ರಂಗಮಂದಿರದಲ್ಲೋ ಆಗಿದ್ದರೆ ಆ ಮಗು ಇದೇ ದೂರು ಕೊಡಬಹುದಿತ್ತೇ? ಎರಡು: ಇದೇ ಶಾಲೆಗೆ ನೌಕರಿಗೋ ಭೇಟಿಗೋ ಬಂದ ದೊಡ್ಡವರೊಬ್ಬರಿಗೆ ಹೀಗಾಗಿದ್ದರೆ ಅವರು ಇದೇ ದೂರು ಕೊಡಬಹುದಿತ್ತೇ? ಎರಡಕ್ಕೂ ಹೌದು ಅಂತಾದರೆ, ದೂರು ಇರೋದು ಪಾಠದ ಗುಣಮಟ್ಟದ ಬಗ್ಗೆ ಅಲ್ಲ, ಬಾಗಿಲಲ್ಲಿ ತಡೆದದ್ದರ ಬಗ್ಗೆ. ಆಗ ಇಲಾಖೆಯ ಮೆಟ್ಟಿಲೆಲ್ಲ ಹತ್ತಿ ಇಳಿದು ಬರಬೇಕಾಗಿಲ್ಲ. ಕೇಸು ಕೆಳಗಿನ ಕೋರ್ಟಿಗೆ ಮರುವಿಚಾರಣೆಗೆ ಹೋಯಿತು. ನಾಯಿ ಗೆದ್ದಿತು ಅಂತ ಕೆಲವರು ಹೆಡ್‌ಲೈನ್ ಹಾಕಿದರು. ಗೆದ್ದದ್ದು ನಾಯಿಯಲ್ಲ ಸ್ವಾಮಿ, ಕೋರ್ಟಿನೊಳಗೆ ಹೋಗುವ ದಾರಿ.

ಇವತ್ತು ಅಲ್ಲಿಯ ನಿಯಮ ಏನು? 2011ರಿಂದ ಜಾರಿಯಲ್ಲಿರೋದು ಇದು. ಸೇವಾ ಪ್ರಾಣಿ ಅಂದರೆ ನಾಯಿ ಮಾತ್ರ, ಬೆಕ್ಕು ಗಿಳಿ ಎಲ್ಲ ನಡೆಯೋದಿಲ್ಲ. ಪುಟ್ಟ ಜಾತಿಯ ಕುದುರೆಗೆ ಬೇರೆಯದೇ ಒಂದು ಅವಕಾಶ ಇದೆ, ನಗಬೇಡಿ, ನಿಜವಾಗಿಯೂ ಇದೆ. ನಾಯಿಗೆ ನಿರ್ದಿಷ್ಟ ಕೆಲಸದ ತರಬೇತಿ ಆಗಿರಬೇಕು. ಸುಮ್ಮನೆ ಜೊತೆಗಿದ್ದರೆ ಸಮಾಧಾನ ಅನ್ನೋದು ಸಾಲದು. ಅಂಗವೈಕಲ್ಯ ಮತ್ತು ನಾಯಿಯ ಅಗತ್ಯ ಎದ್ದು ಕಾಣದಿದ್ದರೆ ಶಾಲೆಯವರು ಎರಡೇ ಮಾತು ಕೇಳಬಹುದು. ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ? ಇದಕ್ಕೆ ಯಾವ ಕೆಲಸ ಕಲಿಸಿದೆ? ಸರ್ಟಿಫಿಕೇಟ್ ತೋರಿಸು ಅನ್ನುವಂತಿಲ್ಲ. ಅಲರ್ಜಿ, ಭಯ ಅನ್ನೋ ನೆಪ ಸಾಲದು. ಆದರೆ ನಾಯಿ ಹತೋಟಿ ತಪ್ಪಿದರೆ, ಗಲೀಜು ಮಾಡಿದರೆ ಹೊರಗೆ ಹಾಕಬಹುದು. ಅದರ ಊಟ ಉಪಚಾರ ಶಾಲೆಯ ಜವಾಬ್ದಾರಿಯಲ್ಲ. ಫ್ಲಾರಿಡಾದ ಒಂದು ಶಾಲಾ ಮಂಡಳಿ, ನಾಯಿಗೆ ವಿಮೆ ಮಾಡಿಸಿ, ತಾಯಿಯೇ ದಿನವಿಡೀ ಬಂದು ನಾಯಿ ಹಿಡಿದು ನಿಲ್ಲಲಿ ಅಂತ ಷರತ್ತು ಹಾಕಿತ್ತು. 2015ರಲ್ಲಿ ಕೋರ್ಟು ಅದನ್ನ ಒಪ್ಪಲಿಲ್ಲ.

ಇಷ್ಟು ಓದಿಕೊಂಡು ನಾನು ನಮ್ಮ ಮನೆ ಕಡೆ ತಿರುಗಿದೆ.

ನಮ್ಮಲ್ಲಿ ಈ ಪ್ರಶ್ನೆ ಯಾಕೆ ಏಳಲಿಲ್ಲ ಗೊತ್ತಾ? ನಾವು ಮಗು ಶಾಲೆಗೆ ಹೋಗುವ ದಾರಿಯನ್ನ ಯೋಚಿಸಲಿಲ್ಲ, ಮಗುವನ್ನೇ ಎತ್ತಿ ದೂರದ ವಸತಿ ಶಾಲೆಯಲ್ಲಿ ಇಟ್ಟೆವು. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಕಿವುಡ ಮತ್ತು ಕುರುಡ ಮಕ್ಕಳ ಶಾಲೆ ಶುರುವಾಯಿತು. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮವಂತೂ ದೊಡ್ಡ ಕಥೆ. ಹಾನಗಲ್ ಕುಮಾರಸ್ವಾಮಿಗಳು ಕಣ್ಣಿಲ್ಲದ ಬಾಲಕನೊಬ್ಬನನ್ನ ಕರೆತಂದು ಸಂಗೀತ ಕಲಿಸಿದರು, ಅವರು ಪಂಚಾಕ್ಷರಿ ಗವಾಯಿಗಳಾದರು. ಪಂಚಾಕ್ಷರಿ ಗವಾಯಿಗಳು ಬೆಳೆಸಿದ ಇನ್ನೊಬ್ಬ ಕಣ್ಣಿಲ್ಲದ ಬಾಲಕ ಪುಟ್ಟರಾಜ ಗವಾಯಿಗಳಾದರು, 2010ರಲ್ಲಿ ಪದ್ಮಭೂಷಣ. ಎಷ್ಟು ಸಾವಿರ ಮನೆಗಳಲ್ಲಿ ಆ ಆಶ್ರಮದ ಹೆಸರು ಹೇಳಿ ದೀಪ ಹಚ್ಚುತ್ತಾರೋ. ಬೆಳಗಾವಿಯಲ್ಲಿ ಮಾಹೇಶ್ವರಿ ಅಂಧರ ಶಾಲೆ ಇದೆ. ಇವುಗಳ ಬಗ್ಗೆ ಒಂದಕ್ಷರ ಹಗುರವಾಗಿ ಮಾತಾಡೋದಿಲ್ಲ ನಾನು. ಸರ್ಕಾರ ಕಣ್ಣುಮುಚ್ಚಿ ಕೂತ ಕಾಲದಲ್ಲಿ ಅನ್ನ, ಅಕ್ಷರ, ಸ್ವರ ಎಲ್ಲ ಕೊಟ್ಟ ಜಾಗಗಳು. ಆದರೆ ಆಶ್ರಮದೊಳಗೆ ಇರುವವನಿಗೆ ಮನೆಯಿಂದ ಶಾಲೆಗೆ ನಡೆಯುವ ಪ್ರಶ್ನೆಯೇ ಇಲ್ಲ ನೋಡಿ.

1974ರಲ್ಲಿ ಕೇಂದ್ರ ಸರ್ಕಾರ, ಇಂಥ ಮಕ್ಕಳೂ ಊರ ಶಾಲೆಯಲ್ಲೇ ಕಲಿಯಲಿ ಅಂತ ಒಂದು ಯೋಜನೆ ತಂತು. 1995ರಲ್ಲಿ ಅಂಗವಿಕಲರ ಕಾಯ್ದೆ, 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ. 2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ ಪಾಸಾಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಫ್ರೈ ತೀರ್ಪು ಬಂದು ಎರಡು ತಿಂಗಳೂ ಆಗಿರಲಿಲ್ಲ. ಅದರ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಈ ಮಕ್ಕಳನ್ನ ಭೇದವಿಲ್ಲದೆ ಸೇರಿಸಿಕೊಳ್ಳಬೇಕು. ಕಟ್ಟಡ, ಆವರಣ ಎಲ್ಲ ಮಗುವಿಗೆ ಎಟಕುವ ಹಾಗಿರಬೇಕು. ಆ ಒಂದು ಮಗುವಿಗೆ ಏನು ಬೇಕೋ ಅದಕ್ಕೆ ತಕ್ಕ ಸಮಂಜಸ ಹೊಂದಾಣಿಕೆ ಮಾಡಿಕೊಡಬೇಕು. ಸಮಂಜಸ ಹೊಂದಾಣಿಕೆ ಅಂದರೆ ಶಾಲೆಗೆ ಅತಿಯಾದ ಹೊರೆಯಾಗದ ಹಾಗೆ ವ್ಯವಸ್ಥೆಯನ್ನ ಬದಲಿಸಿಕೊಳ್ಳೋದು. ನಮ್ಮ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ, ವಿಕಾಸ್ ಕುಮಾರ್ ಕೇಸಿನಲ್ಲಿ, ಬರೆಯುವಾಗ ಕೈ ಹಿಡಿದುಕೊಳ್ಳುವ ಅಭ್ಯರ್ಥಿಗೆ ಬರೆಯುವ ಸಹಾಯಕನನ್ನ ಕೊಡಿ ಅಂದಾಗ ಈ ಹೊಂದಾಣಿಕೆಯನ್ನ ವಿವರವಾಗಿ ಬಿಡಿಸಿ ಹೇಳಿತು. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯೋದಲ್ಲ, ಆ ವ್ಯಕ್ತಿಯ ಅಗತ್ಯ ನೋಡಿ ಮಾಡೋದು.

ನಾಯಿ? ಇಡೀ ಕಾಯ್ದೆಯಲ್ಲಿ ಆ ಪದ ಒಮ್ಮೆಯೂ ಬರೋದಿಲ್ಲ. ವಿಮಾನದಲ್ಲಿ ತರಬೇತಾದ ಗೈಡ್ ಡಾಗ್ ತನ್ನ ಯಜಮಾನನ ಜೊತೆ ಕೂರಬಹುದು, ಅದಕ್ಕೆ ನಮ್ಮ ವಿಮಾನಯಾನ ನಿರ್ದೇಶನಾಲಯದ ನಿಯಮ ಇದೆ. ಶಾಲೆಯ ವಿಷಯಕ್ಕೆ ಬಂದರೆ ಮೌನ. ಹೌದೂ ಅನ್ನೋದಿಲ್ಲ, ಇಲ್ಲವೂ ಅನ್ನೋದಿಲ್ಲ. ಆದರೆ ಒಂದು ಎಳೆ ಇದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರ ಅಕ್ಟೋಬರ್ 1ರಂದು ಅನುಮೋದನೆ ಕೊಟ್ಟಿದೆ. 2016ರ ಕಾಯ್ದೆ ಬಂದಿದ್ದೇ ಆ ಒಡಂಬಡಿಕೆಯನ್ನ ಜಾರಿ ಮಾಡಲು. ಅದರ 9 ಮತ್ತು 20ನೇ ವಿಧಿಗಳಲ್ಲಿ ಜೀವಂತ ನೆರವು ಅನ್ನೋ ಮಾತಿದೆ. ಯಂತ್ರವಲ್ಲದ, ಕೋಲಲ್ಲದ, ಜೀವ ಇರುವ ನೆರವು. ಅದು ದಾರಿ ತೋರುವ ಮನುಷ್ಯ ಆಗಬಹುದು, ಓದಿ ಹೇಳುವವರಾಗಬಹುದು. ನನ್ನನ್ನ ಕೇಳಿದರೆ, ನಾಯಿಯನ್ನ ಆ ಪದದಿಂದ ಹೊರಗಿಡಲು ಕಾರಣವೇ ಇಲ್ಲ. ನಾಳೆ ತರಬೇತಾದ ನಾಯಿ ಹಿಡಿದ ಮಗುವೊಂದು ನಮ್ಮ ಯಾವುದೋ ಶಾಲೆಯ ಗೇಟಿನಲ್ಲಿ ನಿಂತರೆ ವಕೀಲರು ಹಿಡಿಯಬೇಕಾದ ಹಗ್ಗ ಇದು. ಬೀದಿ ನಾಯಿಯ ಆದೇಶವನ್ನ ಆ ಮಗುವಿನ ಮುಖಕ್ಕೆ ಹಿಡಿಯೋದು ತಪ್ಪಾಗುತ್ತೆ. ಆದೇಶ ಇರೋದು ಬೀದಿ ನಾಯಿಗೆ. ಅವತ್ತು ರಾತ್ರಿ ನಾನು ಕೂಗಿದ್ದೂ ಇದೇ ತಪ್ಪು, ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ದೆ.

ಕೋಲ್ಕತ್ತಾದ ಇನ್ನೊಬ್ಬರ ಹೆಸರನ್ನೂ ಇಲ್ಲಿ ಹೇಳಿಬಿಡ್ತೀನಿ. ಜೀಜಾ ಘೋಷ್, ಅವರಿಗೂ ಸೆರೆಬ್ರಲ್ ಪಾಲ್ಸಿ. 2012ರ ಫೆಬ್ರುವರಿಯಲ್ಲಿ ಕೋಲ್ಕತ್ತಾದಲ್ಲಿ ವಿಮಾನ ಹತ್ತಿ ಕೂತವರನ್ನ ಕೆಳಗೆ ಇಳಿಸಿದರು. 2016ರ ಮೇ 12ರಂದು ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅದೇ ಊರಿನಲ್ಲಿ ಹುಟ್ಟಿದ ಎಲೆನಾ ಅಮೆರಿಕದಲ್ಲಿ, ಜೀಜಾ ಇಲ್ಲಿ. ಇಬ್ಬರೂ ಕೇಳಿದ್ದು ಒಂದೇ. ನನ್ನನ್ನ ಒಳಗೆ ಬಿಡಿ, ನಾನು ಇರುವ ಹಾಗೇ ಬಿಡಿ.

ಡಿಸೆಂಬರ್‌ನಲ್ಲಿ ಬೆಳಗಾವಿಗೆ ಹೋದವನು ಮುನವಳ್ಳಿಗೂ ಹೋದೆ. ಮಲಪ್ರಭೆಯ ದಂಡೆಯ ಊರು, ಪಂಚಲಿಂಗೇಶ್ವರನ ಗುಡಿ, ಹಳೇ ಕೋಟೆ. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಾಡು ಹಾಕಿಕೊಂಡು ಹೊರಟಿದ್ದವು. ಕಣ್ಣಿರುವ ನಾನೇ ರಸ್ತೆ ದಾಟಲು ಎರಡು ಸಲ ಹಿಂದೆ ಸರಿದೆ.

ಮಾಸ್ತರು ಮನೆ ಮುಂದೆಯೇ ಕಾಯ್ತಿದ್ದರು. ಹುಡುಗಿ ಚುರುಕು. ಬ್ರೈಲ್ ಸ್ಲೇಟಿನ ಮೇಲೆ ಟಕಟಕ ಚುಚ್ಚಿ ನನ್ನ ಹೆಸರು ಬರೆದು ಕೊಟ್ಟಳು. ತಮ್ಮ ಐದನೇತ್ತೆ. ದಿನಾ ಅಕ್ಕನನ್ನ ಅವಳ ಕೋಣೆಯಲ್ಲಿ ಕೂರಿಸಿ ತನ್ನ ಕೋಣೆಗೆ ಓಡ್ತಾನೆ. ಸಂಜೆ ಆಟಕ್ಕೆ ನಿಲ್ಲುವಂತಿಲ್ಲ. ಅಕ್ಕನಿಗೆ ಜ್ವರ ಬಂದ ದಿನ ಮಾತ್ರ ಅವನು ಕಬಡ್ಡಿ ಆಡೋದು. ಇದನ್ನ ಅವನೇ ನಗ್ತಾ ಹೇಳಿದ. ಅಜ್ಜ ನಗಲಿಲ್ಲ.

"ಸರ, ನಾಯಿ ನಾ ಕೇಳಿದ್ದು ಇವನ ಸಲುವಾಗಿ," ಅಂದರು ಮಾಸ್ತರು. "ಹೈಸ್ಕೂಲಿನ್ಯಾವ್ರು ಜೋಡಿಗೆ ಬಂದವರನ್ನ ಗೇಟಿನ ಒಳಗ ಬಿಡೂದಿಲ್ಲ ಅಂದಾರ. ದೂರದ ಹಾಸ್ಟೆಲಿಗೆ ಹಾಕ್ರಿ ಅಂತಾರ. ಇಕಿ ಒಲ್ಲೆ ಅಂತಾಳ. ಇವನ ಸಾಲಿ ಬಿಡಿಸಿ ಇಕಿ ಬೆನ್ನ ಹಚ್ಚೂದು ನನಗ ಮನಸಿಲ್ಲ."

ನಾನು ಓದಿಕೊಂಡು ಹೋದದ್ದನ್ನೆಲ್ಲ ಹೇಳಿದೆ. ನಾಯಿಯ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಿಲ್ಲ. ನಮ್ಮ ದೇಶದಲ್ಲಿ ತರಬೇತಾದ ಗೈಡ್ ಡಾಗ್ ಬಲು ಅಪರೂಪ. ಮೇಲಾಗಿ ಆ ಕಬ್ಬಿನ ಟ್ರ್ಯಾಕ್ಟರ್, ಆ ಓಣಿಯ ಬೀದಿ ನಾಯಿಗಳ ಹಿಂಡಿನ ನಡುವೆ ಎಂಥ ಜಾಣ ಲ್ಯಾಬ್ರಡಾರ್ ಆದರೂ ಏನು ಮಾಡೀತು? ಮುಧೋಳದ ನಾಯಿ ಆಗೂದಿಲ್ಲೇನ್ರಿ ಅಂತ ಹುಡುಗ ಕೇಳಿದ. ಅದು ಬೇಟೆಯ ನಾಯಿ ಮರಿ, ಮೊಲ ಕಂಡರೆ ಅಕ್ಕನ್ನ ಅಲ್ಲೇ ಬಿಟ್ಟು ಓಡುತ್ತೆ ಅಂದೆ. ಅಕ್ಕ ಜೋರಾಗಿ ನಕ್ಕಳು. ಇವನೂ ಹಂಗ ಓಡ್ತಾನ್ರಿ ಅಂದಳು.

ಆದರೆ ಮನುಷ್ಯರ ನೆರವಿಗೆ ದಾರಿ ಇದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಅಂತಲೇ ಇವೆ. ಅಂದರೆ ಮಗುವನ್ನ ಕರಕೊಂಡು ಹೋಗುವ ದೊಡ್ಡವರಿಗೆ ಸರ್ಕಾರವೇ ಕೈಲಾದಷ್ಟು ಕೊಡುತ್ತೆ. ಮೊತ್ತ ಚಿಕ್ಕದು, ಕೇಳುವವರೂ ಕಡಿಮೆ. ಬೆಂಗಾವಲಿಗೆ ದುಡ್ಡು ಕೊಡುವ ಸರ್ಕಾರದ ಶಾಲೆಯೇ ಬೆಂಗಾವಲನ್ನ ಗೇಟಿನಲ್ಲಿ ತಡೆಯೋದು ಹೇಗೆ? ಇಲ್ಲಿ ಕೇಗನ್ ಅವರ ಎರಡನೇ ಪ್ರಶ್ನೆ ಕೇಳಿ ನೋಡಿ. ಅದೇ ಹೈಸ್ಕೂಲಿಗೆ ನಾಳೆ ಕಣ್ಣಿಲ್ಲದ ಟೀಚರೊಬ್ಬರು ವರ್ಗವಾಗಿ ಬಂದರೆ, ಅವರ ಕೈ ಹಿಡಿದು ಬಂದವರನ್ನ ಗೇಟಿನಲ್ಲಿ ನಿಲ್ಲಿಸ್ತಾರಾ? ಕುರ್ಚಿ ಹಾಕಿ ಚಹಾ ತರಿಸ್ತಾರೆ.

ಅರ್ಜಿ ಬರೆಯೋಣ ಅಂತ ಕೂತೆವು. ಮೊದಲು ಶಾಲೆಯ ಮುಖ್ಯಸ್ಥರಿಗೆ, ಪ್ರತಿ ಸವದತ್ತಿಯ ಕ್ಷೇತ್ರ ಶಿಕ್ಷಣಾಧಿಕಾರಿಗೆ. ಉತ್ತರ ಬರದಿದ್ದರೆ ಬೆಂಗಳೂರಿನ ಅಂಗವಿಕಲರ ರಾಜ್ಯ ಆಯುಕ್ತರಿಗೆ. ಕಾಯ್ದೆ ಮುರಿದವರಿಗೆ ಮೊದಲ ಸಲ 10 ಸಾವಿರದ ತನಕ, ಮತ್ತೆ ಮುರಿದರೆ 50 ಸಾವಿರದಿಂದ 5 ಲಕ್ಷದ ತನಕ ದಂಡ ಅಂತ 89ನೇ ಸೆಕ್ಷನ್‌ನಲ್ಲಿ ಇರೋದನ್ನೂ ತೋರಿಸಿದೆ. ಅದನ್ನ ಅರ್ಜಿಯಲ್ಲಿ ಬರೀಬ್ಯಾಡ್ರಿ, ಮೊದಲ ಕಾಗದಕ್ಕ ಬೆದರಿಕಿ ಹಾಕಿಧಂಗ ಆಗ್ತೈತಿ ಅಂದರು ಮಾಸ್ತರು. ಮೂವತ್ತು ವರ್ಷ ಇಲಾಖೆಯಲ್ಲಿ ಇದ್ದವರು, ಅವರಿಗೆ ಗೊತ್ತು. ಬಿಟ್ಟೆವು.

ಅಕ್ಷರ ಮುತ್ತಿನ ಹಾಗೆ ಅವರದ್ದು. 16ನೇ ಸೆಕ್ಷನ್ ಬರೆದರು, ಸಮಂಜಸ ಹೊಂದಾಣಿಕೆ ಅಂತ ಬರೆದರು. ಓಣಿಯಲ್ಲೇ ಇರುವ ವಿಧವೆ ಅತ್ತೆಯೊಬ್ಬರು ದಿನಾ ಬಂದು ಹೋಗಲು ಒಪ್ಪಿದ್ದಾರೆ, ಅವರಿಗೆ ಗೇಟಿನ ಒಳಗೆ ಬಿಡಬೇಕು, ಬೆಂಗಾವಲು ಭತ್ಯೆ ಮಂಜೂರು ಮಾಡಬೇಕು ಅಂತ ಬರೆದರು. ಕೆಳಗೆ, ವಿದ್ಯಾರ್ಥಿನಿಗೆ ಬೇಕಾದ ನೆರವು ಅಂತ ಒಂದು ಗೆರೆ ಎಳೆದು ಹುಡುಗಿಯನ್ನೇ ಕೇಳಿದರು, ಏನು ಬರೀಲಿ ಹೇಳವ್ವಾ.

"ಈಗ ಅತ್ತಿ," ಅಂದಳು. "ಮುಂದ ನಾಯಿ ಸಿಕ್ರ ನಾಯಿ. ತಮ್ಮ ಬ್ಯಾಡ, ಅವಂಗ ಕಬಡ್ಡಿ ಐತಿ."

ಮಾಸ್ತರು ಹಾಗೆಯೇ ಬರೆದರು, ಕಬಡ್ಡಿಯದ್ದೊಂದು ಬಿಟ್ಟು.